ಉಸಿರು ಕಾಣಬಾರದು

ಜೂನ್ 9

ಗ್ರಂಥಾಲಯದ ಕಂತನ್ನು ಸಂಕಲನ ಮಾಡಿದವರಿಗೆ,

ನಮಸ್ಕಾರಗಳು. ನಿವೃತ್ತಿಯಾದ ಪೋಸ್ಟ್‌ಮಾಸ್ಟರಮ್ಮ ಕೊಲೆಗಾರರನ್ನು ಹಿಡಿಯುವ ನಿಮ್ಮ ಧಾರಾವಾಹಿಯನ್ನು ತೆಗೆದದ್ದು ನಮ್ಮ ಊರಿನಲ್ಲಿ. ಆಗ ಬಂದವರಲ್ಲಿ ನೀವು ಇರಲಿಲ್ಲ. ಸಂಕಲನದವರು ಎಲ್ಲಿಗೂ ಬರುವುದಿಲ್ಲ, ಕತ್ತಲೆ ಕೋಣೆಯಲ್ಲಿ ಕೂತು ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ತೆಗೆಯುತ್ತಾರೆ ಅಂತ ನನ್ನ ಮಗಳು ಹೇಳಿದ್ದಳು. ಅದಕ್ಕೇ ಈ ಕಾಗದ ನಿಮಗೆ.

ನಾನು ಮೇಲಿನ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ನನ್ನ ಗಂಡನದು ಅದೇ ಬೀದಿಯ ತುದಿಯಲ್ಲಿ ಕ್ಷೌರದ ಅಂಗಡಿ. ಪುಸ್ತಕದ ಕಪಾಟುಗಳ ನಡುವೆ, ಏಣಿಯ ಪಕ್ಕದಲ್ಲಿ, ಬೂದು ಸ್ವೆಟರ್ ಹಾಕಿಕೊಂಡು ಸತ್ತು ಬಿದ್ದಿರುವ ಹುಡುಗಿ ನಮ್ಮ ಮಗಳು. ಆ ಪಾತ್ರಕ್ಕೆ ಬರಬೇಕಾಗಿದ್ದ ನಟಿಗೆ ಏನೋ ಅಡಚಣೆಯಾಗಿ ಬರಲಿಲ್ಲವಂತೆ. ಇವಳು ಅದೇ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸದಲ್ಲಿದ್ದಳು. ಸ್ವೆಟರ್ ಇವಳಿಗೆ ಸರಿಯಾಗಿ ಕೂತಿತು, ನನಗಿದ್ದ ಅರ್ಹತೆ ಅಷ್ಟೇ ಅಂತ ಅವಳೇ ನಗುತ್ತಿದ್ದಳು. ಮಾತಾಡುವುದಿಲ್ಲ, ನಡೆಯುವುದಿಲ್ಲ, ಸುಮ್ಮನೆ ಬಿದ್ದಿರಬೇಕು. ಉಸಿರು ಮಾತ್ರ ಕಾಣಬಾರದು.

ಅದಕ್ಕೆ ಅಡುಗೆಮನೆಯ ನೆಲದ ಮೇಲೆ ಮಲಗಿ ಅಭ್ಯಾಸ ಮಾಡಿದಳು. ನಾನು ಒಲೆಗೂ ನಲ್ಲಿಗೂ ನಡುವೆ ಅವಳನ್ನು ದಾಟಿಕೊಂಡೇ ಓಡಾಡಬೇಕಾಯಿತು. ಅವಳ ಅಪ್ಪ ಅವಳ ಹೊಟ್ಟೆಯ ಮೇಲೆ ಸಾಸರ್ ಇಟ್ಟು, ಸಾಸರಿನಲ್ಲಿ ಒಂದು ಚಮಚ ಇಟ್ಟು, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಾಯುತ್ತಿದ್ದರು. ಚಮಚ ಕಿಣಿ ಎಂದರೆ ಅವಳು ಸೋತಳು ಅಂತ. “ಹೆಣ ಉಸಿರಾಡ್ತು” ಅನ್ನುತ್ತಿದ್ದರು. ಅವಳಿಗೆ ನಗು ತಡೆಯಲಾಗದೆ ಸಾಸರ್ ಉರುಳುತ್ತಿತ್ತು. ಹೆಣವೇ, ಎದ್ದು ಪಾತ್ರೆಯಾದರೂ ತೊಳಿ ಅಂತ ನಾನು ಬೈಯುತ್ತಿದ್ದೆ.

ಕಂತು ಬಂದಮೇಲೆ ಇಡೀ ಬೀದಿಗೆ ಅವಳು ಹೆಣವಾದಳು. ಕಿರಾಣಿ ಅಂಗಡಿಯವರು ಏನಮ್ಮಾ ಹೆಣ, ಎಣ್ಣೆ ಎಷ್ಟು ಕೊಡ್ಲಿ ಅನ್ನುತ್ತಿದ್ದರು. ಪುಸ್ತಕ ತಡವಾಗಿ ತರುವವರಿಗೆ ಅವಳೂ ಹೇಳುತ್ತಿದ್ದಳಂತೆ, ಹೆಣಕ್ಕೆ ಹೆದರಿಯಾದರೂ ಬೇಗ ತನ್ನಿ ಅಂತ.

ಅವಳು ತೀರಿಕೊಂಡು ವರ್ಷದ ಮೇಲಾಯಿತು. ರಕ್ತದ ಕಾಯಿಲೆ. ಈಗ ಹೆಣ ಅನ್ನುವ ಪದ ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ನಾನು ಅಂಗಡಿಗೆ ಹೋದರೆ ಕಿರಾಣಿಯವರು ತಕ್ಕಡಿ ನೋಡಿಕೊಂಡು ನಿಲ್ಲುತ್ತಾರೆ.

ಅವಳ ಫೋಟೋಗಳು ನಮ್ಮಲ್ಲಿವೆ. ಚಲಿಸುವ ಚಿತ್ರ ಅಂತ ಇರುವುದು ನಿಮ್ಮ ಕಂತೊಂದೇ, ಅದರಲ್ಲಿ ಅವಳು ಚಲಿಸುವುದಿಲ್ಲ. ಭಾನುವಾರ ಮಧ್ಯಾಹ್ನ ಅದನ್ನು ಮತ್ತೆ ತೋರಿಸಿದರು. ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಎದೆ ಏರುವುದಿಲ್ಲ, ಇಳಿಯುವುದಿಲ್ಲ. ಆದರೆ ಆ ದಿನ ಮನೆಗೆ ಬಂದು ಅವಳು ಹೇಳಿದ್ದೇ ಬೇರೆ. ಒಂದು ಸಲವೂ ಸರಿ ಬರಲಿಲ್ಲವಂತೆ. ಸತ್ತವಳು ನನಗಿಂತ ಜೋರಾಗಿ ಉಸಿರಾಡ್ತಿದಾಳೆ ಅಂತ ನಿರ್ದೇಶಕರು ತಲೆ ಚಚ್ಚಿಕೊಂಡರಂತೆ.

ಹಾಗಾದರೆ ಆ ಉಸಿರು ಎಲ್ಲಿ ಹೋಯಿತು? ನೀವು ಬೇಡವೆಂದು ತೆಗೆದಿಟ್ಟ ತುಂಡುಗಳಲ್ಲಿ ಇರಬೇಕು. ನಿಮಗೆ ಅದರಿಂದ ಉಪಯೋಗವಿಲ್ಲ. ದಯವಿಟ್ಟು ಹುಡುಕಿ ನೋಡುತ್ತೀರಾ?

ಇತಿ,
ಗ್ರಂಥಾಲಯದ ಹುಡುಗಿಯ ತಾಯಿ


ಜೂನ್ 27

ಮಾನ್ಯರೇ,

ನಿಮ್ಮ ಕಾಗದ ಚಾನೆಲ್ಲಿನ ಕಚೇರಿಯಲ್ಲಿ ಅಲೆದಾಡಿ ನಿನ್ನೆ ನನ್ನ ಮೇಜಿಗೆ ಬಂತು. ನಿಮ್ಮ ಮಗಳ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. ಏನು ಬರೆಯಬೇಕೋ ತಿಳಿಯುತ್ತಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ನಿಮ್ಮ ಮಗಳು ಹೇಳಿದ್ದು ನಿಜ. ಪ್ರತಿ ಸಲವೂ ಅವರ ಉಸಿರು ಕಾಣುತ್ತಿತ್ತು. ಸ್ವೆಟರಿನ ಗುಂಡಿಗಳು ಏರಿಳಿಯುತ್ತಿದ್ದವು. ಬೇರೆಯವರು ಓಡಾಡುವ ಕಡೆ ತೊಂದರೆಯಿರಲಿಲ್ಲ, ಮೇಜು ಅಡ್ಡ ಇತ್ತು, ನಿಮ್ಮ ಮಗಳ ಕಾಲು ಮಾತ್ರ ಕಾಣುತ್ತಿತ್ತು. ಅವರೊಬ್ಬರೇ ಇರುವ ಹತ್ತಿರದ ಚಿತ್ರದಲ್ಲಿ ನಾನು ಒಂದು ಉಪಾಯ ಮಾಡಿದೆ. ಉಸಿರು ಎಳೆದುಕೊಂಡು ಬಿಡುವ ನಡುವಿನ ಒಂದು ಕ್ಷಣ ಆರಿಸಿ, ಚಿತ್ರವನ್ನು ಅಲ್ಲೇ ನಿಲ್ಲಿಸಿಬಿಟ್ಟೆ. ನೀವು ಟೀವಿಯಲ್ಲಿ ನೋಡುವುದು ನಿಂತ ಚಿತ್ರ. ನಮ್ಮಲ್ಲಿ ಇದು ಮಾಮೂಲು. ಹೆಣಗಳೆಲ್ಲ ಉಸಿರಾಡುತ್ತವೆ, ನಾವು ನಿಲ್ಲಿಸುತ್ತೇವೆ. ಅವತ್ತು ಆ ಕೆಲಸ ಚೆನ್ನಾಗಿ ಬಂತೆಂದು ಪಕ್ಕದ ಕೋಣೆಯವರನ್ನು ಕರೆದು ತೋರಿಸಿದ್ದೆ.

ಬೇಡದ ಭಾಗಗಳ ಟೇಪುಗಳು ಸ್ವಲ್ಪ ಕಾಲ ಗೋದಾಮಿನಲ್ಲಿ ಇರುತ್ತವೆ. ಆಮೇಲೆ ಅವುಗಳ ಮೇಲೆ ಬೇರೆ ಕಾರ್ಯಕ್ರಮ ತುಂಬಿಸುತ್ತಾರೆ. ನಿಮ್ಮದು ಉಳಿದಿದೆಯೋ ಇಲ್ಲವೋ ನೋಡಬೇಕು. ನೋಡುತ್ತೇನೆ. ಭರವಸೆ ಇಟ್ಟುಕೊಳ್ಳಿ ಎನ್ನಲು ನನಗೆ ಧೈರ್ಯವಿಲ್ಲ.

ತಮ್ಮ ವಿಶ್ವಾಸಿ,
ಸಂಕಲನಕಾರ


ಜುಲೈ 3

ಸಂಕಲನದ ಅಣ್ಣನವರಿಗೆ,

ನಿಮ್ಮ ಕಾಗದ ಬಂದ ದಿನ ಮೂರು ಸಲ ಓದಿದೆ. ಹಾಗಾದರೆ ಟೀವಿಯಲ್ಲಿ ಕಾಣುವ ಆ ಕ್ಷಣದಲ್ಲಿ ಅವಳ ಒಳಗೆ ಉಸಿರು ತುಂಬಿಕೊಂಡೇ ಇದೆ. ಬಿಡುವ ಮೊದಲು ನೀವು ನಿಲ್ಲಿಸಿದಿರಿ. ಬೈಯಲು ಬರೆಯುತ್ತಿಲ್ಲ. ತಿಳಿದದ್ದು ಒಳ್ಳೆಯದಾಯಿತು.

ಆ ಸ್ವೆಟರ್ ತೊಳೆಯಲು ನಮ್ಮ ಲಾಂಡ್ರಿಗೇ ಬಂದಿತ್ತು. ಕತ್ತಿನ ಹತ್ತಿರ ಕೆಂಪು ಕಲೆ. ಸಕ್ಕರೆ ಪಾಕಕ್ಕೆ ಬಣ್ಣ ಹಾಕಿ ಮಾಡಿದ್ದು, ಇರುವೆ ಮುತ್ತಿತ್ತು. ತಣ್ಣೀರಿನಲ್ಲಿ ಉಜ್ಜಿದರೆ ಹೋಯಿತು. ಅವಳು ಕೌಂಟರಿಗೆ ಒರಗಿ ನಿಂತು, ಅಮ್ಮ ಸಾಕ್ಷಿ ನಾಶ ಮಾಡ್ತಿದಾಳೆ, ಪೋಸ್ಟ್‌ಮಾಸ್ಟರಮ್ಮನಿಗೆ ಹೇಳ್ತೀನಿ ಎಂದಳು. ಆಗಲೇ ಅವಳಿಗೆ ಸುಸ್ತು ಶುರುವಾಗಿತ್ತು. ಒರಗಿ ನಿಂತದ್ದು ಸುಸ್ತಿಗೆ. ನಾನು ತಮಾಷೆಗೆ ಅಂದುಕೊಂಡೆ.

ಅವಳ ಅಪ್ಪ ಆ ಧಾರಾವಾಹಿ ನೋಡುವುದಿಲ್ಲ. ಅದರ ಸಂಗೀತ ಶುರುವಾದರೆ ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂರುತ್ತಾರೆ. ಮುಗಿದಮೇಲೆ ಒಳಗೆ ಬರುತ್ತಾರೆ. ನಾನು ಯಾಕೆ ನೋಡುತ್ತೇನೆ ಅಂತ ಅವರು ಕೇಳಿಲ್ಲ, ಅವರು ಯಾಕೆ ಏಳುತ್ತಾರೆ ಅಂತ ನಾನೂ ಕೇಳಿಲ್ಲ. ನಮ್ಮಿಬ್ಬರ ನಡುವೆ ಈಗ ಉಳಿದಿರುವುದು ಸೊಪ್ಪು ತರಬೇಕು, ಗ್ಯಾಸ್ ಮುಗಿಯಿತು, ಇಂಥ ಮಾತುಗಳು.

ನಿಮ್ಮ ಕಂತಿನ ಕೊನೆಯಲ್ಲಿ ಪೋಸ್ಟ್‌ಮಾಸ್ಟರಮ್ಮ ಎಲ್ಲರನ್ನೂ ಓದುವ ಕೋಣೆಯಲ್ಲಿ ಕೂರಿಸಿ, ಕನ್ನಡಕ ಒರೆಸಿಕೊಂಡು, ಕೊಂದವನ ಕಡೆ ಬೆರಳು ತೋರಿಸುತ್ತಾರೆ. ಅವನು ಒಪ್ಪಿಕೊಳ್ಳುತ್ತಾನೆ. ಆಮೇಲೆ ಎಲ್ಲರೂ ಚಹಾ ಕುಡಿದು ಪೋಸ್ಟ್‌ಮಾಸ್ಟರಮ್ಮನ ಬೆಕ್ಕಿನ ವಿಷಯಕ್ಕೆ ನಗುತ್ತಾರೆ. ಮೊದಲು ನನಗೆ ಆ ನಗು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಈಗ ಬೆರಳಿಗಾಗಿ ಕಾಯುತ್ತೇನೆ. ನಮ್ಮ ಡಾಕ್ಟರು ಒಳ್ಳೆಯವರು. ಇದು ಯಾರ ತಪ್ಪೂ ಅಲ್ಲಮ್ಮ ಎಂದರು. ಸಮಾಧಾನಕ್ಕೆ ಹೇಳಿದ್ದು. ನಾನು ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಯಾರಾದರೂ ಒಬ್ಬರ ತಪ್ಪಾಗಿರಬಾರದೇ ಅಂತ ಹಂಬಲಿಸಿದೆ. ನನ್ನದೇ ಆಗಿದ್ದರೂ ಆಗುತ್ತಿತ್ತು.

ಇನ್ನೊಂದು ಮಾತು, ಇದನ್ನು ಯಾರಿಗೂ ಹೇಳಿಲ್ಲ. ಕೊನೆಯ ದಿನ ಅವಳ ಅಪ್ಪ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ನರ್ಸ್ ಬಂದು ನಾಡಿ ನೋಡಿ, ಕೈ ತೆಗೀರಿ ಅಂದರು. ಅವರು ತೆಗೆಯಲಿಲ್ಲ. “ಇರಿ ಸಿಸ್ಟರ್. ಇವಳಿಗೆ ಇದು ಅಭ್ಯಾಸ ಇದೆ. ಸ್ವಲ್ಪ ಹೊತ್ತು ಬಿಟ್ಟು ಉಸಿರು ಬಿಡ್ತಾಳೆ” ಎಂದರು. ಅವರಿಗೆ ತಲೆ ಕೆಟ್ಟಿತು ಅಂತ ನರ್ಸ್ ನನ್ನ ಕಡೆ ನೋಡಿದರು. ನಾನೂ ಅವರ ಪಕ್ಕದಲ್ಲಿ ನಿಂತು ಕಾದೆ.

ಅದಕ್ಕೇ ನಾನು ಕೇಳುತ್ತಿರುವುದು. ಅವಳು ಉಸಿರು ಬಿಡುವುದನ್ನು ನಾವು ನೋಡಲಿಲ್ಲ. ಟೇಪು ಸಿಕ್ಕರೆ ನೋಡಬಹುದು.

ಇತಿ,
ಅವಳ ತಾಯಿ


ಆಗಸ್ಟ್ 22

ಅಮ್ಮನವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಏನಾದರೂ ಸಿಗುವ ತನಕ ಬರೆಯಬಾರದೆಂದುಕೊಂಡಿದ್ದೆ. ಸಿಕ್ಕಿದ್ದನ್ನು ಸಿಕ್ಕಿತು ಎನ್ನಬಹುದೋ ಇಲ್ಲವೋ ನೀವೇ ನೋಡಿ.

ಗೋದಾಮಿನಲ್ಲಿ ಆ ದಿನದ ಟೇಪುಗಳಲ್ಲಿ ಒಂದು ಮಾತ್ರ ಇತ್ತು. ಉಳಿದವು ಎಲ್ಲೆಲ್ಲಿಗೋ ಹೋಗಿವೆ. ಇದರ ಮೇಲೂ ಮನೆಯ ಹಿತ್ತಲಲ್ಲಿ ಹೂಗಿಡ ಬೆಳೆಸುವ ಬಗ್ಗೆ ಒಂದು ಕಾರ್ಯಕ್ರಮ, ಅದಾದಮೇಲೆ ಇನ್ನೊಂದು ತುಂಬಿಸಿದ್ದಾರೆ. ತುಂಬಿಸಬಹುದು ಎಂದು ಸಹಿ ಹಾಕಿದವನು ನಾನೇ. ಸಾಲಾಗಿ ಹತ್ತಾರು ಟೇಪುಗಳಿಗೆ ಒಟ್ಟಿಗೆ ಸಹಿ ಹಾಕುತ್ತೇವೆ.

ಆದರೆ ಆ ಎರಡರ ನಡುವೆ ಸ್ವಲ್ಪ ಜಾಗ ಬಿಟ್ಟಿದ್ದಾರೆ. ಅಂಥ ಜಾಗದಲ್ಲಿ ಹಳೆಯದರ ಚೂರು ಉಳಿದಿರುತ್ತದೆ. ನಾವು ಯಾರೂ ಅಲ್ಲಿಯ ತನಕ ನೋಡುವುದಿಲ್ಲ. ಈ ಸಲ ನೋಡಿದೆ. ನಿಮ್ಮ ಮಗಳಿದ್ದಾರೆ.

ಅಲ್ಲಿ ಏನಾಗುತ್ತಿದೆ ಎಂದು ಹೇಳಿಬಿಡುತ್ತೇನೆ, ಇಲ್ಲವಾದರೆ ಗಾಬರಿಯಾದೀರಿ. ಒಂದು ಜಾಗದ ಕೆಲಸ ಮುಗಿದಮೇಲೆ ಶಬ್ದದ ವಿಭಾಗದವರು ಎಲ್ಲರನ್ನೂ ಇದ್ದಲ್ಲೇ ಅಲುಗಾಡದೆ ನಿಲ್ಲಲು ಹೇಳುತ್ತಾರೆ. ಆ ಕೋಣೆಯ ಮೌನವನ್ನೇ ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತಾರೆ. ಪ್ರತಿ ಕೋಣೆಯ ಮೌನವೂ ಬೇರೆ. ಮಾತಿನ ನಡುವೆ ನಾವು ಕತ್ತರಿಸಿದ ಜಾಗಗಳಿಗೆ ಅದನ್ನು ತುಂಬುತ್ತೇವೆ. ಆ ದಿನ ಹಾಗೆ ನಿಂತಾಗ ಕ್ಯಾಮೆರಾ ಆರಿಸಲು ಮರೆತಿದ್ದಾರೆ. ನಿಮ್ಮ ಮಗಳು ಮಲಗಿದಲ್ಲೇ ಇದ್ದಾರೆ. ಯಾರೂ ಮಾತಾಡುವುದಿಲ್ಲ. ಈಗ ಅಭಿನಯಿಸಬೇಕಾಗಿಲ್ಲ ಅಂತ ಗೊತ್ತಿರುವುದರಿಂದ ಆರಾಮಾಗಿ ಉಸಿರಾಡುತ್ತಿದ್ದಾರೆ.

ಅದನ್ನು ನಿಮ್ಮ ಟೀವಿಗೆ ಹೊಂದುವ ಕ್ಯಾಸೆಟ್ಟಿಗೆ ಇಳಿಸಿ ಕಳಿಸಿದ್ದೇನೆ. ತುಂಬಾ ಚಿಕ್ಕದು. ಅದಕ್ಕಿಂತ ಹೆಚ್ಚು ಇಲ್ಲ. ಎರಡು ಸಲ ಹುಡುಕಿದೆ.

ಸಂಕಲನಕಾರ


ಸೆಪ್ಟೆಂಬರ್ 15

ಸಂಕಲನದ ಅಣ್ಣನವರಿಗೆ,

ಕ್ಯಾಸೆಟ್ಟು ಒಡೆಯದೆ ತಲುಪಿತು. ನಮ್ಮ ಲಾಂಡ್ರಿಯ ಯಜಮಾನರು ತಮ್ಮ ಮನೆಯ ಯಂತ್ರವನ್ನು ಟವೆಲಿನಲ್ಲಿ ಸುತ್ತಿ ತಂದುಕೊಟ್ಟು, ಯಾವ ಗುಂಡಿ ಒತ್ತಬೇಕು ಅಂತ ತೋರಿಸಿ, ಬೇಗ ಹೊರಟುಬಿಟ್ಟರು.

ಗಂಡನಿಗೆ ಹೇಳಿದೆ. ಅವಳು ಉಸಿರಾಡೋದು ಇದೆಯಂತೆ, ನೋಡ್ತೀರಾ ಅಂತ. ಚಪ್ಪಲಿ ಹಾಕಿಕೊಂಡರು. ಬಾಗಿಲ ತನಕ ಹೋದರು. ವಾಪಸ್ ಬಂದು ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತರು.

ನೀವು ಬರೆದ ಹಾಗೆಯೇ ಇದೆ. ಕಪಾಟು, ಏಣಿ, ಅವಳು. ಸ್ವೆಟರಿನ ಗುಂಡಿಗಳು ಏರಿ ಇಳಿಯುತ್ತವೆ. ನಡುವೆ ಮೂಗಿನ ಹತ್ತಿರ ಏನೋ ಕಡಿದ ಹಾಗೆ ಮುಖ ಸ್ವಲ್ಪ ಸೊಟ್ಟ ಮಾಡುತ್ತಾಳೆ. ಚಿಕ್ಕಂದಿನಿಂದ ನಿದ್ದೆಯಲ್ಲಿ ಹಾಗೆ ಮಾಡುತ್ತಿದ್ದಳು. ನನಗೆ ಅದು ಮರೆತೇ ಹೋಗಿತ್ತು. ಎಲ್ಲೋ ಹೊರಗೆ ಒಂದು ಸೈಕಲ್ ಗಂಟೆ ಕೇಳಿಸುತ್ತದೆ. ಆಮೇಲೆ ಕಾಣದ ಒಬ್ಬ ಗಂಡಸಿನ ದನಿ ಹೇಳುತ್ತದೆ: “ಸಾಕು. ಆಯ್ತು, ಏಳಮ್ಮ.”

ಅಷ್ಟಕ್ಕೆ ಚಿತ್ರ ಹರಿದು ಬೂದು ಬಣ್ಣ ಬರುತ್ತದೆ.

ಆ ದನಿ ಬಂದಾಗ ನನ್ನ ಗಂಡ ಕುರ್ಚಿಯಿಂದ ಅರ್ಧ ಎದ್ದರು. ಬಲಗೈ ಮುಂದೆ ಚಾಚಿದರು, ಅಂಗಡಿಯಲ್ಲಿ ವಯಸ್ಸಾದವರನ್ನು ಕುರ್ಚಿಯಿಂದ ಇಳಿಸಲು ಕೈ ಕೊಡುವ ಹಾಗೆ. ಪರದೆ ಬೂದಾಯಿತು. ಅವರು ಹಾಗೇ ನಿಂತರು. ಮತ್ತೆ ಹಾಕು ಅಂದರು. ಮತ್ತೆ ಹಾಕಿದೆ.

ಅವತ್ತಿನಿಂದ ಅಂಗಡಿಯಿಂದ ಬಂದ ಕೂಡಲೇ ಅವರಿಗೆ ಅದೇ ಕೆಲಸ. ಉಸಿರಾಟದ ಭಾಗಕ್ಕೆ ಅಷ್ಟು ಗಮನ ಕೊಡುವುದಿಲ್ಲ. ಆ ದನಿಗೆ ಕಾಯುತ್ತಾರೆ. ಅದು ಹೇಳಿ ಮುಗಿಸುತ್ತಿದ್ದಂತೆ ಇವರೂ ಮೆಲ್ಲಗೆ, “ಏಳೇ. ಕರೀತಿದಾರೆ, ಏಳೇ” ಎನ್ನುತ್ತಾರೆ. ನಿನ್ನೆ ಒಬ್ಬರ ಗಡ್ಡ ಅರ್ಧ ಮಾಡಿ ಬಿಟ್ಟು ಮನೆಗೆ ಬಂದಿದ್ದರು. ಆ ಮನುಷ್ಯ ಮುಖದ ಮೇಲೆ ನೊರೆ ಹಾಗೇ ಇಟ್ಟುಕೊಂಡು ನಮ್ಮ ಮೆಟ್ಟಿಲ ಕೆಳಗೆ ನಿಂತಿದ್ದ. ನಾನು ಹೋಗಿ ಕ್ಷಮೆ ಕೇಳಿದೆ. ಪರವಾಗಿಲ್ಲ ಅಕ್ಕ, ಅವರು ನಿಧಾನವಾಗಿ ಬರಲಿ ಎಂದ.

ಅಣ್ಣ, ನಿಮ್ಮನ್ನು ಇನ್ನೊಂದೇ ಒಂದು ಕೇಳುತ್ತೇನೆ. ಅಳಿಸುವ ಮೊದಲು ಆ ಟೇಪನ್ನು ಪೂರ್ತಿ ನೋಡಿದವರು ನೀವೊಬ್ಬರೇ. ಏಳಮ್ಮ ಅಂದಮೇಲೆ ಅವಳು ಹೇಗೆ ಎದ್ದಳು? ಯಾವ ಕೈ ಊರಿದಳು? ಏನಾದರೂ ಅಂದಳಾ? ಟೇಪು ಬೇಡ. ನಿಮಗೆ ಕಂಡದ್ದನ್ನು ಒಂದು ಸಾಲು ಬರೆದರೆ ಸಾಕು. ಅವರಿಗೆ ಓದಿ ಹೇಳುತ್ತೇನೆ. ಅಲ್ಲಿಗೆ ಅವರು ಕಾಯುವುದು ನಿಂತೀತು.

ಇತಿ,
ಅವಳ ತಾಯಿ


ಅಕ್ಟೋಬರ್ 11

ಅಮ್ಮನವರಿಗೆ,

ಹದಿನೈದು ದಿನದಿಂದ ನೆನಪು ಮಾಡಿಕೊಳ್ಳಲು ನೋಡಿದೆ. ಈ ಕಾಗದವನ್ನು ಬೇರೆ ರೀತಿಯಲ್ಲಿ ಬರೆದು ಹರಿದೂ ಹಾಕಿದೆ. ನಿಮಗೆ ಸುಳ್ಳು ಹೇಳಬಾರದು.

ನನಗೆ ನೆನಪಿಲ್ಲ. ನೆನಪಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ, ನಾನು ನೋಡಿಯೇ ಇಲ್ಲ. ನನ್ನ ಕೆಲಸ ಹೆಣದ ಜೊತೆ. ಸಾಕು ಎಂಬ ಮಾತು ಕೇಳಿದ ತಕ್ಷಣ ಟೇಪನ್ನು ಮುಂದಕ್ಕೆ ಓಡಿಸುತ್ತೇನೆ, ಯಾವಾಗಲೂ. ಇಷ್ಟು ವರ್ಷದಲ್ಲಿ ಅಷ್ಟೊಂದು ಹೆಣಗಳನ್ನು ನೋಡಿದ್ದೇನೆ. ಒಂದು ಏಳುವುದನ್ನೂ ನೋಡಿಲ್ಲ ಎಂದು ನಿಮ್ಮ ಕಾಗದ ಓದಿದ ಮೇಲೆ ಗೊತ್ತಾಯಿತು.

ಅಲ್ಲಿ ನಿಂತಿದ್ದ ಕ್ಯಾಮೆರಾದವರನ್ನು, ಶಬ್ದದವರನ್ನು ಕೇಳಿದೆ. ಅವರಿಗೂ ನೆನಪಿಲ್ಲ. ದೀಪ ಬಿಚ್ಚುವ ಗಡಿಬಿಡಿಯಲ್ಲಿದ್ದರಂತೆ.

ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ.

ಸಂಕಲನಕಾರ


ಅಕ್ಟೋಬರ್ 30

ಸಂಕಲನದ ಅಣ್ಣನವರಿಗೆ,

ನಿಮ್ಮ ಕಾಗದ ಬಂದಾಗ ನಾನು ಲಾಂಡ್ರಿಯಲ್ಲಿದ್ದೆ. ಇಸ್ತ್ರಿಪೆಟ್ಟಿಗೆ ನಿಲ್ಲಿಸಿಟ್ಟು ಓದಿದೆ. ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, ಉಳಿದ ಅಂಗಿಗಳನ್ನು ಮುಗಿಸಿದೆ. ನೀವು ಸುಳ್ಳು ಬರೆದಿದ್ದರೂ ನಾನು ನಂಬುತ್ತಿದ್ದೆ. ಬರೆಯದೆ ಇದ್ದದ್ದು ನಿಮ್ಮ ದೊಡ್ಡತನ. ನನಗೆ ಮಾತ್ರ ಅದರಿಂದ ಆಸರೆಯಿಲ್ಲದ ಹಾಗಾಯಿತು.

ಮಧ್ಯಾಹ್ನ ಗಂಡನ ಅಂಗಡಿಗೆ ಹೋದೆ. ಗಿರಾಕಿಗಳು ಇರಲಿಲ್ಲ. ಈಚೆಗೆ ಕಡಿಮೆ. ಅವರು ಗಿರಾಕಿಯ ಕುರ್ಚಿಯಲ್ಲಿ ತಾವೇ ಕೂತಿದ್ದರು. ಕನ್ನಡಿಯಲ್ಲೇ ನನ್ನನ್ನು ನೋಡಿ, ಬಂತಾ ಎಂದರು. ಬಂತು ಎಂದೆ. ಓದು ಎಂದರು.

ನಾನು ಹಿಂದೆ ನಿಂತು ನಿಮ್ಮ ಕಾಗದ ಬಿಡಿಸಿದೆ. ಎದುರಿಗೆ ಕನ್ನಡಿ ಇರುವುದರಿಂದ ಮುಖಕ್ಕೆ ಅಡ್ಡ ಹಿಡಿದುಕೊಂಡೆ. ನೆನಪಿಲ್ಲ ಎಂದು ನೀವು ಬರೆದ ಸಾಲುಗಳ ಮೇಲೆ ಕಣ್ಣಿಟ್ಟು, ಹೀಗೆ ಓದಿದೆ. ಏಳಮ್ಮ ಅಂದ ಕೂಡಲೇ ನಿಮ್ಮ ಮಗಳು ಕಣ್ಣು ಬಿಟ್ಟರು. ಎಡಗೈ ನೆಲಕ್ಕೆ ಊರಿ ಎದ್ದು ಕೂತರು. ಕಾಲು ಜೋಮು ಹಿಡಿದಿದೆ ಅಂತ ನಕ್ಕರು. ಸ್ವೆಟರಿನ ಬೆನ್ನು ಕೊಡವಿಕೊಂಡು ನಿಂತರು. ಹೊರಗೆ ಹೋಗುವಾಗ ಬಿದ್ದಿದ್ದ ಒಂದು ಪುಸ್ತಕವನ್ನು ಎತ್ತಿ ಕಪಾಟಿನಲ್ಲಿ ಅದರ ಜಾಗದಲ್ಲೇ ಇಟ್ಟರು.

ಪುಸ್ತಕದ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಓದುತ್ತಾ ಬಂತು.

ಅವರು ಒಂದೇ ಮಾತು ಕೇಳಿದರು: “ಯಾರಾದ್ರೂ ಕೈ ಕೊಟ್ರಾ?”

“ಇಲ್ಲ,” ಎಂದೆ. “ತಾನೇ ಎದ್ದಳಂತೆ.”

ತಲೆಯಾಡಿಸಿದರು. ಕುರ್ಚಿಯಿಂದ ಇಳಿದು, ಅದನ್ನು ಒರೆಸಿ, ಬಟ್ಟೆ ಝಾಡಿಸಿದರು. ಸಂಜೆ ಯಂತ್ರವನ್ನು ತಾವೇ ಟವೆಲಿನಲ್ಲಿ ಸುತ್ತಿ ಯಜಮಾನರಿಗೆ ಕೊಟ್ಟುಬಂದರು. ಅವತ್ತು ಊಟಕ್ಕೆ ಕೂತಾಗ ಸಾರು ಚೆನ್ನಾಗಿದೆ ಎಂದರು. ಈಗ ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುತ್ತಾರಂತೆ, ಎಲ್ಲರೂ ದೀಪ ಬಿಚ್ಚೋ ಗಡಿಬಿಡೀಲಿದ್ರೆ ನನ್ನ ಮಗಳು ಪುಸ್ತಕ ಎತ್ತಿಡ್ತಿದ್ದಳು ಅಂತ. ದೀಪದ ಮಾತನ್ನು ನಾನು ಓದಿದ್ದೆನೋ ಏನೋ. ನಿಮ್ಮ ಕಾಗದದಲ್ಲಿದ್ದ ಅದೊಂದು ನಿಜ ನನಗೆ ತಿಳಿಯದೆ ಬಾಯಿಗೆ ಬಂದಿರಬೇಕು.

ಇನ್ನು ನಮಗೆ ಬರೆಯಬೇಡಿ, ಅಣ್ಣ. ನಿಮ್ಮ ಮೇಲೆ ಸಿಟ್ಟಿಲ್ಲ. ಮೊದಲು ಟಪಾಲಿನ ಕಡೆ ನೋಡದಿದ್ದ ನನ್ನ ಗಂಡ ಈಗ ಪೋಸ್ಟಿನವನನ್ನು ಬೀದಿಯಲ್ಲೇ ನಿಲ್ಲಿಸಿ ಕೇಳುತ್ತಾರೆ. ನಿಮ್ಮ ಅಕ್ಷರದ ಕಾಗದ ಇನ್ನೊಂದು ಅವರ ಕೈಗೆ ಸಿಗಬಾರದು. ಇದ್ದದ್ದನ್ನು ಒಲೆಗೆ ಹಾಕಿದ್ದೇನೆ.

ಕ್ಯಾಸೆಟ್ಟು ಇಸ್ತ್ರಿ ಬಟ್ಟೆಗಳ ಕೆಳಗಿದೆ. ಹಾಕಲು ಯಂತ್ರವಿಲ್ಲ. ಬೇಕಾಗಿಯೂ ಇಲ್ಲ, ಕಣ್ಣು ಮುಚ್ಚಿದರೆ ಬರುತ್ತದೆ. ಕಪಾಟು, ಏಣಿ, ಗುಂಡಿಗಳು, ಸೈಕಲ್ ಗಂಟೆ, ಆ ದನಿ.

ಅವರ ಪಾಲಿಗೆ ಅವಳು ಎದ್ದಳು. ನನ್ನ ಪಾಲಿಗೆ ಇನ್ನೂ ಇಲ್ಲ.

ಇತಿ,
ಅವಳ ತಾಯಿ